ಮೊದಲು ರೈಲು ನಿಲ್ಲಲಿ, ಮಾಲ್ಗುಡಿ ಆಮೇಲೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳನ್ನು ಸುತ್ತಿ ಬಂದವರು ಬರೆಯುವ ಪ್ರವಾಸ ಕಥನಕ್ಕೆ ಈಚೆಗೆ ಒಂದು ಸಿದ್ಧ ಅಚ್ಚು ಬಿದ್ದಿದೆ. ರಾತ್ರಿ ಬೆಂಗಳೂರಿನಲ್ಲಿ ತಾಳಗುಪ್ಪದ ರೈಲು ಹತ್ತುವುದು, ಬೆಳಗಿನ ಮಂಜಿನಲ್ಲಿ ಬಾಗಿಲ ಬಳಿ ನಿಂತು ವಿಡಿಯೊ ಮಾಡುವುದು, ಜೋಗ ನೋಡುವುದು, ಅರಸಾಳಿನ ಮಾಲ್ಗುಡಿ ಮ್ಯೂಸಿಯಂನಲ್ಲಿ ಚಹಾ, ಕೊನೆಗೆ ಶರಾವತಿ ಹಿನ್ನೀರಿನ ಮಗ್ಗುಲಲ್ಲಿ ಕುಟುಂಬ ಸಮೇತ ಎರಡು ದಿನದ ‘ದ್ವೀಪವಾಸ’. ಮುಗಿಸುವಾಗ ಒಂದು ನಿಟ್ಟುಸಿರು: ಆ ಹಳೆಯ ಮೀಟರ್‌ಗೇಜ್ ಹಾಗೇ ಇದ್ದಿದ್ದರೆ ಊಟಿಯವರ ಹಾಗೆ ನಮಗೂ ಒಂದು ಪಾರಂಪರಿಕ ರೈಲು ಇರುತ್ತಿತ್ತಲ್ಲ!

ನನ್ನ ತಕರಾರು ಈ ನಿಟ್ಟುಸಿರಿನ ಮೇಲೆ.

ಊಟಿಯ ರೈಲಿಗೆ 2005ರಲ್ಲಿ ಯುನೆಸ್ಕೊ ಮಾನ್ಯತೆ ಸಿಕ್ಕಿದ್ದು ಹೌದು. ಹಲ್ಲುಹಳಿ ಕಚ್ಚಿಕೊಂಡು ಘಟ್ಟ ಹತ್ತುವ ಅದರ ಕಥೆಯೇ ಬೇರೆ. ನಮ್ಮದು ಸಾಧಾರಣ ಮೀಟರ್‌ಗೇಜ್ ಹಳಿ. ಬೀರೂರಿನಿಂದ ಶಿವಮೊಗ್ಗದ ತನಕ ಬ್ರಾಡ್‌ಗೇಜ್ ಬಂದ ಮೇಲೆ ಆಚೆಯ ತಾಳಗುಪ್ಪದ ಹಳಿಗೆ ಬೇರೆ ಯಾವ ಹಳಿಯ ಸಂಬಂಧವೂ ಉಳಿಯಲಿಲ್ಲ. ಬೆಂಗಳೂರಿನಿಂದ ಬಂದವರು ಗಂಟುಮೂಟೆ ಸಮೇತ ಶಿವಮೊಗ್ಗದಲ್ಲಿ ಇಳಿದು ಬಂಡಿ ಬದಲಿಸಬೇಕಿತ್ತು. ಆ ಹಳಿಯ ಮೇಲೆ ಕಡೆಕಡೆಗೆ ಓಡುತ್ತಿದ್ದದ್ದು ಒಂದು ರೈಲ್‌ಬಸ್. ದ್ವೀಪ ಎನ್ನುವುದಾದರೆ ಅದು ಹಳಿಗಳ ದ್ವೀಪ. 2011ರ ಹೊತ್ತಿಗೆ ತಾಳಗುಪ್ಪಕ್ಕೆ ದೊಡ್ಡ ಹಳಿ ಬಂತು, ಊರಿನವರು ನಿಟ್ಟುಸಿರು ಬಿಟ್ಟಿದ್ದು ಆಗ. ಪ್ರವಾಸಿಗಳ ನಿಟ್ಟುಸಿರಿಗೂ ಊರಿನವರ ನಿಟ್ಟುಸಿರಿಗೂ ಇರುವ ವ್ಯತ್ಯಾಸ ಇಷ್ಟೇ: ಅವರು ಕಳೆದುಹೋಯಿತೆಂದು ಬಿಟ್ಟರು, ಇವರು ಅಂತೂ ಬಂತೆಂದು.

ಈಗ ಮಾಲ್ಗುಡಿಯ ವಿಷಯ. ಆರ್.ಕೆ. ನಾರಾಯಣ್ 1930ರಲ್ಲಿ ಬರೆಯಲು ಕೂತಾಗ ಅವರ ಕಣ್ಣಿಗೆ ಮೊದಲು ಕಂಡದ್ದು ಊರಲ್ಲ, ಒಂದು ಪುಟ್ಟ ರೈಲು ನಿಲ್ದಾಣ. ಊರು ಆಮೇಲೆ ಅದರ ಸುತ್ತ ಬೆಳೆಯಿತು. ಐದೂವರೆ ದಶಕದ ಬಳಿಕ ಶಂಕರ್‌ನಾಗ್ ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ಚಿತ್ರಿಸುವಾಗ ಊರಿಗೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನೂ ನಿಲ್ದಾಣಕ್ಕೆ ಹೊಸನಗರ ತಾಲ್ಲೂಕಿನ ಅರಸಾಳನ್ನೂ ಆರಿಸಿಕೊಂಡರು. ಬೇರೆ ದಾರಿ ಇರಲಿಲ್ಲ, ಆಗುಂಬೆಗೆ ರೈಲೇ ಇಲ್ಲ. ಕ್ಯಾಮೆರಾ ಜೋಡಿಸಿದ ಈ ಎರಡು ಊರುಗಳನ್ನು ಯಾವ ಹಳಿಯೂ ಇವತ್ತಿಗೂ ಜೋಡಿಸಿಲ್ಲ. ತೀರ್ಥಹಳ್ಳಿ ತಾಲ್ಲೂಕಿನೊಳಗೆ ರೈಲು ಕಾಲಿಟ್ಟೇ ಇಲ್ಲ. 2022ರ ಅಕ್ಟೋಬರಿನಲ್ಲಿ ಮೈಸೂರು–ತಾಳಗುಪ್ಪ ಎಕ್ಸ್‌ಪ್ರೆಸ್ಸಿಗೆ ಕುವೆಂಪು ಹೆಸರಿಟ್ಟರು. ಸಂತೋಷ. ಆದರೆ ಕುಪ್ಪಳಿಗೆ ಹೋಗಬೇಕೆಂದು ಕುವೆಂಪು ಎಕ್ಸ್‌ಪ್ರೆಸ್ ಹತ್ತಿದವರು ನಡುದಾರಿಯಲ್ಲಿ ಇಳಿದು ಬಸ್ ಹುಡುಕಬೇಕು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಜನ ಬಾಯಿ ಬಿಟ್ಟು ನೋಡುವ ಯಂತ್ರ ಒಂದು ಬೈಸಿಕಲ್ಲು. ಆ ಸೀಮೆಯ ಮಟ್ಟಿಗೆ ರೈಲು ಇನ್ನೂ ಕಾದಂಬರಿಗೆ ಬರದ ವಸ್ತುವೇ. (ಘಟ್ಟ ಕೊರೆದು, ಕಾಡು ಕಡಿದು ಎಲ್ಲ ಕಡೆಗೂ ಹಳಿ ಹಾಕಿ ಎಂದು ನಾನು ಹೇಳುತ್ತಿಲ್ಲ. ಹೆಸರಿಡುವುದು ಅಗ್ಗದ ಕೆಲಸ ಎನ್ನುತ್ತಿದ್ದೇನೆ.)

ಅರಸಾಳಿನ ಹಳೆಯ ನಿಲ್ದಾಣ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಅದನ್ನು ರೂಪಿಸಿದರು, ಕೆಲಸ ಅಚ್ಚುಕಟ್ಟಾಗಿದೆ. ನಿಲ್ದಾಣದ ಹೆಸರನ್ನೇ ಮಾಲ್ಗುಡಿ ಎಂದು ಬದಲಿಸುವ ಮಾತೂ ನಡುವೆ ಕೇಳಿಬಂದಿತ್ತು. ಇರಲಿ. ಆದರೆ ಅದೇ ಅರಸಾಳಿನಲ್ಲಿ ಎಕ್ಸ್‌ಪ್ರೆಸ್ ರೈಲುಗಳ ನಿಲುಗಡೆ ಮಾತ್ರ ‘ತಾತ್ಕಾಲಿಕ’. ಇಷ್ಟು ತಿಂಗಳು ನಿಲ್ಲುತ್ತದೆ ಎಂದು ಪ್ರಕಟಣೆ, ಅವಧಿ ಮುಗಿಯುವಾಗ ಮನವಿ, ಮತ್ತೆ ಇಷ್ಟು ತಿಂಗಳು ಮುಂದುವರಿಕೆ. ಎಂದೂ ಇರದ ಊರೊಂದರ ನಿಲ್ದಾಣಕ್ಕೆ ಖಾಯಂ ಕಟ್ಟಡವಿದೆ. ಇರುವ ಊರಿನ ಜನಕ್ಕೆ ರೈಲು ನಿಲ್ಲುವ ಭರವಸೆ ಕಂತಿನ ಮೇಲೆ ಬರುತ್ತದೆ. ರಿಪ್ಪನ್‌ಪೇಟೆ ಕಡೆಯಿಂದ ಶಿವಮೊಗ್ಗದ ಕಾಲೇಜಿಗೆ ಹೋಗುವ ಹುಡುಗಿಗೆ, ಮೆಗ್ಗಾನ್ ಆಸ್ಪತ್ರೆಗೆ ಅಮ್ಮನನ್ನು ಕರೆದೊಯ್ಯುವವನಿಗೆ ಸ್ವಾಮಿ ಮತ್ತು ಗೆಳೆಯರ ಚಿತ್ರ ನೋಡಿ ಆಗಬೇಕಾದ್ದೇನು?

ಇದಕ್ಕೊಂದು ಉತ್ತರ ಸಿದ್ಧವಿದೆ: ಪ್ರವಾಸೋದ್ಯಮ ಬೆಳೆದರೆ ರೈಲೂ ಬೆಳೆಯುತ್ತದೆ. ಅನುಭವ ಬೇರೆಯೇ ಹೇಳುತ್ತದೆ. 2021ರ ಜುಲೈನಲ್ಲಿ ಯಶವಂತಪುರ–ಮಂಗಳೂರು ಮಾರ್ಗಕ್ಕೆ ಗಾಜಿನ ವಿಸ್ಟಾಡೋಮ್ ಬೋಗಿ ಬಂತು, ಸಾವಿರಕ್ಕೂ ಮೇಲಿನ ಟಿಕೆಟ್ಟು, ಸಕಲೇಶಪುರ ಘಟ್ಟದ ನೋಟ. ಅದೇ ಕಾಲದಲ್ಲಿ ದೇಶದ ಪ್ಯಾಸೆಂಜರ್ ರೈಲುಗಳಿಗೆ ಕೋವಿಡ್ ಹೆಸರಿನಲ್ಲಿ ಎಕ್ಸ್‌ಪ್ರೆಸ್ ದರ ಹಾಕಿ, ಕನಿಷ್ಠ ಟಿಕೆಟ್ಟನ್ನು 10 ರೂಪಾಯಿಯಿಂದ 30ಕ್ಕೆ ಏರಿಸಲಾಗಿತ್ತು. ಅದು ಇಳಿಯಲು 2024ರ ಫೆಬ್ರುವರಿ ಬರಬೇಕಾಯಿತು. ಗಾಜಿನ ಬೋಗಿಗೆ ಅವಸರವಿತ್ತು, ಹತ್ತು ರೂಪಾಯಿ ಟಿಕೆಟ್ಟಿಗೆ ಇರಲಿಲ್ಲ.

ಇನ್ನು ದ್ವೀಪ. ಮಲೆನಾಡಿನ ಕಾದಂಬರಿಗಳನ್ನು ಓದುವುದೇ ನನ್ನ ಸಂಶೋಧನೆಯ ಕೆಲಸವಾದ್ದರಿಂದ ‘ಕುಟುಂಬ ಸಮೇತ ದ್ವೀಪವಾಸ’ ಎಂಬ ಮಾತು ಕಂಡಾಗಲೆಲ್ಲ ನನಗೆ ನಾ. ಡಿಸೋಜ ನೆನಪಾಗುತ್ತಾರೆ. ಅವರ ‘ದ್ವೀಪ’ದಲ್ಲಿ ಗಣಪಯ್ಯ, ನಾಗವೇಣಿಯರ ಮನೆಯ ಸುತ್ತ ಅಣೆಕಟ್ಟಿನ ನೀರು ಏರುತ್ತ ಬರುತ್ತದೆ. ಕುಟುಂಬ ಸಮೇತ ದ್ವೀಪದಲ್ಲಿರುವುದೆಂದರೆ ಅಲ್ಲಿ ಅದೇ. ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿ, ಊರು ಮುಳುಗುವುದನ್ನು ಹತ್ತಿರದಿಂದ ಕಂಡವರ ಬರಹ ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಗುಡ್ಡಗಳು ನಡುಗಡ್ಡೆಗಳಾದವು, ಕರೂರು ಹೋಬಳಿ ನೀರಿನಾಚೆ ಉಳಿಯಿತು. ಮುಳುಗಡೆಯಾದವರ ಹಕ್ಕುಪತ್ರದ ಹೋರಾಟ ಅರವತ್ತು ವರ್ಷ ದಾಟಿದರೂ ಮುಗಿದಿಲ್ಲ. ಇಲ್ಲಿನ ದ್ವೀಪಗಳನ್ನು ಪ್ರಕೃತಿ ಮಾಡಿದ್ದಲ್ಲ, ನಾಡಿಗೆ ಕರೆಂಟು ಕೊಡಲು ಮಾಡಿದ್ದು.

ತುಮರಿ, ಸಿಗಂದೂರಿನವರು ಹೊಳೆಬಾಗಿಲಿನ ಲಾಂಚನ್ನೇ ನಂಬಿಕೊಂಡು ಬದುಕಿದರು. ಸಂಜೆಯ ಕೊನೆಯ ಲಾಂಚ್ ತಪ್ಪಿತೆಂದರೆ ಆ ದಿನ ಮುಗಿದಂತೆ. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಹಿನ್ನೀರನ್ನು ಬಳಸಿ ರಸ್ತೆಯಲ್ಲಿ ಸುತ್ತಬೇಕು. ಕಡುಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು, ಎರಡೂಕಾಲು ಕಿಲೋಮೀಟರಿಗೂ ಉದ್ದ. ಆದರೆ ‘ಲಾಂಚಿನ ಮಜಾ ಹೋಯಿತು’ ಎನ್ನುವವರೂ ಇದ್ದಾರೆ. ಮೀಟರ್‌ಗೇಜಿಗೆ ನಿಟ್ಟುಸಿರು ಬಿಟ್ಟವರ ಬಳಗವೇ ಇದು. ಇನ್ನೊಬ್ಬರು ದಿನವೂ ಪಟ್ಟ ಪಾಡು ನಮಗೆ ವರ್ಷಕ್ಕೊಮ್ಮೆ ರುಚಿಸಿದರೆ ಅದಕ್ಕೆ ಪರಂಪರೆ ಎಂದು ಹೆಸರು.

ರೈಲಿನಲ್ಲಿ ಕೂತು ಕಾಡು ನೋಡುವುದು ತಪ್ಪೇ ಎಂದು ಕೇಳಬಹುದು. ಖಂಡಿತ ಅಲ್ಲ. ಕಿಟಕಿ ಸೀಟಿಗೆ ಜಗಳ ಆಡುವ ಮಕ್ಕಳು ಊರಲ್ಲೂ ಇದ್ದಾರೆ. ಅಡಿಕೆ ತೋಟ, ಗದ್ದೆಬಯಲು, ಮಳೆಗಾಲದ ಹಸಿರು ಇವಕ್ಕೆಲ್ಲ ಜನರಲ್ ಬೋಗಿಯ ಕಿಟಕಿ ಸಾಕು. ಅದರ ಸರಳುಗಳ ನಡುವೆ ಗಾಳಿಯೂ ಬರುತ್ತದೆ, ಗಾಜಿನ ಬೋಗಿಯಲ್ಲಿ ಅದೂ ಇಲ್ಲ.

ಹಾಗಾಗಿ ‘ಪಾರಂಪರಿಕ ರೈಲು ಬೇಕು’ ಎಂದು ಸಹಿ ಸಂಗ್ರಹಿಸಲು ಹೊರಟವರಲ್ಲಿ ಒಂದು ಕೋರಿಕೆ. ಕಾಗದವನ್ನು ಹರಿಯಬೇಡಿ, ಒಕ್ಕಣೆ ಬದಲಿಸಿ. ಅರಸಾಳು, ಕುಂಸಿಗಳ ನಿಲುಗಡೆಗೆ ಅಂಟಿರುವ ‘ತಾತ್ಕಾಲಿಕ’ ಎಂಬ ಪದವನ್ನು ತೆಗೆಯಿರಿ ಎಂದು ಕೇಳಿ. ಸಾಗರ ಜಂಬಗಾರು ನಿಲ್ದಾಣಕ್ಕೆ ರೈಲು ಬರುವ ಹೊತ್ತಿಗೆ ತುಮರಿಗೆ, ಅರಸಾಳಿಗೆ ಬರುವ ಹೊತ್ತಿಗೆ ಹೊಸನಗರಕ್ಕೆ, ಶಿವಮೊಗ್ಗಕ್ಕೆ ಬರುವ ಹೊತ್ತಿಗೆ ತೀರ್ಥಹಳ್ಳಿಗೆ ಒಂದೊಂದು ಸರ್ಕಾರಿ ಬಸ್ಸು ಹೊರಗೆ ನಿಂತಿರಲಿ ಎಂದು ಕೇಳಿ. ಮೊದಲನೆಯದನ್ನು ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಕಳಿಸಬೇಕು, ಎರಡನೆಯದನ್ನು ಸಾರಿಗೆ ಸಂಸ್ಥೆಗೆ. ಮುಂದಿನ ಸಲ ಕುಟುಂಬ ಸಮೇತ ಬಂದಾಗ ನೀವೂ ಆ ಬಸ್ಸನ್ನೇ ಹತ್ತಬಹುದು.