ನಮ್ಮ ಹುಡುಕಾಟ ಮಾರಾಟಕ್ಕಿಲ್ಲ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕಿನ ಬಂಧುಗಳೇ,

ರಾತ್ರಿ ಮಕ್ಕಳು ಮಲಗಿದ ಮೇಲೆ ನಮ್ಮ ಮನೆಗಳಲ್ಲಿ ಯಾರೋ ಒಬ್ಬರು ಮೊಬೈಲ್ ಹಿಡಿದು ಏನನ್ನೋ ಹುಡುಕುತ್ತಾರೆ. ಎದೆಯಲ್ಲಿ ಕೈಗೆ ಸಿಕ್ಕ ಗಂಟು ಏನಿರಬಹುದು ಎಂದು. ಓಲೆ ಅಡವಿಟ್ಟರೆ ಗ್ರಾಮಿಗೆ ಎಷ್ಟು ಸಿಕ್ಕೀತು ಎಂದು. ಕುಡಿತ ಬಿಡಿಸುವ ಔಷಧಿ ಎಲ್ಲಿ ಕೊಡುತ್ತಾರೆ ಎಂದು. ಬಿಳಿಗಿರಿರಂಗನ ಬೆಟ್ಟದ ಪೋಡಿನ ಸೋಲಿಗರ ಹುಡುಗನೊಬ್ಬ ಸಿಗ್ನಲ್ ಸಿಗುವ ತಿರುವಿನ ತನಕ ನಡೆದು ಬಂದು, ಸಿಕಲ್ ಸೆಲ್ ಇರುವವರು ಮದುವೆಯಾಗಬಹುದೇ ಎಂದು ಕೇಳುತ್ತಾನೆ. ಹೆತ್ತವ್ವನ ಮುಂದೆಯೂ ಬಾಯಿಗೆ ಬಾರದ ಪ್ರಶ್ನೆಗಳಿವು.

ಆ ಪ್ರಶ್ನೆ ಮನೆಯಿಂದ ಹೊರಟರೆ ಮೊದಲು ಹಾದುಹೋಗುವುದು ನಮಗೆ ಇಂಟರ್‌ನೆಟ್ ಕೊಡುವ ಕಂಪನಿಯ ಕೈಯಿಂದ. ಬೀಗದ ಗುರುತಿರುವ ವೆಬ್‌ಸೈಟಿನೊಳಗೆ ನಾವು ಏನು ಬರೆದೆವು ಎಂಬುದು ಅದಕ್ಕೆ ಕಾಣದು, ನಿಜ. ಆದರೆ ಸಾಮಾನ್ಯವಾಗಿ ಯಾವ ವೆಬ್‌ಸೈಟು, ಎಷ್ಟು ಹೊತ್ತಿನಲ್ಲಿ, ಎಷ್ಟು ಹೊತ್ತು, ಮೊಬೈಲಾದರೆ ಯಾವ ಟವರಿನ ಆಸುಪಾಸಿನಿಂದ, ಇಷ್ಟು ಕಾಣುತ್ತದೆ. ರಾತ್ರಿ ಹನ್ನೊಂದಕ್ಕೆ ಕ್ಯಾನ್ಸರ್ ಆಸ್ಪತ್ರೆಯ ಪುಟ, ಅದರ ಹಿಂದೆಯೇ ಒಡವೆ ಸಾಲದ ಪುಟ, ಬೆಳಗಾದರೆ ಮತ್ತೆ ಆಸ್ಪತ್ರೆಯದು. ಒಳಗಿನ ಅಕ್ಷರ ಓದುವ ಅಗತ್ಯವೇ ಇಲ್ಲ, ಆ ಮನೆಯ ಸಂಕಟ ಪೂರ್ತಿ ಗೊತ್ತಾಯಿತು. ಕರೆಗಳ ಮತ್ತು ಇಂಟರ್‌ನೆಟ್ ಬಳಕೆಯ ದಾಖಲೆಯನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕು ಎಂದು ಕೇಂದ್ರದ ದೂರಸಂಪರ್ಕ ಇಲಾಖೆ 2021ರ ಡಿಸೆಂಬರಿನಲ್ಲಿ ಲೈಸೆನ್ಸಿನ ಷರತ್ತನ್ನೇ ಬದಲಿಸಿತು. ಹೀಗೆ ಕೂಡಿಬಿದ್ದ ರಾಶಿಯ ಮೇಲೆ ವ್ಯಾಪಾರಿಯ ಕಣ್ಣು ಬೀಳುವುದಿಲ್ಲ ಎಂದು ಯಾರು ಹೇಳಬಲ್ಲರು?

ಅಮೆರಿಕದಲ್ಲಿ ಬಿದ್ದಾಗಿದೆ. ಗ್ರಾಹಕರ ಒಪ್ಪಿಗೆಯಿಲ್ಲದೆ ಅವರ ಜಾಲಾಟದ ವಿವರವನ್ನು ಜಾಹೀರಾತಿನವರಿಗೆ ಕೊಡಬಾರದೆಂದು ಅಲ್ಲಿ 2016ರಲ್ಲಿ ನಿಯಮ ಮಾಡಿದರು. ಅದು ಜಾರಿಗೆ ಬರುವ ಮುಂಚೆಯೇ ಸಂಸತ್ತು ರದ್ದು ಮಾಡಿತು. 2017ರ ಏಪ್ರಿಲ್ 3ರಂದು ಅಧ್ಯಕ್ಷರು ರುಜು ಹಾಕಿದರು. 2021ರ ಅಕ್ಟೋಬರಿನಲ್ಲಿ ಅಲ್ಲಿನ ವ್ಯಾಪಾರ ಆಯೋಗ 6 ದೊಡ್ಡ ಕಂಪನಿಗಳ ಕಡತ ತರಿಸಿ ನೋಡಿದಾಗ, ಕೆಲವು ಕಂಪನಿಗಳು ಜನರನ್ನು ಜನಾಂಗದ ಮೇಲೆ, ಲೈಂಗಿಕ ಒಲವಿನ ಮೇಲೆ ಕೂಡ ವಿಂಗಡಿಸಿದ್ದು ಹೊರಬಿತ್ತು.

ನಮ್ಮ ರಾಜ್ಯಕ್ಕೇ ಬನ್ನಿ. 2015ರ ಜೂನ್‌ನಲ್ಲಿ ಬೆಂಗಳೂರಿನ ತೇಜೇಶ್ ಜಿ.ಎನ್. ಎಂಬ ಪ್ರೋಗ್ರಾಮರ್, ಏರ್‌ಟೆಲ್ 3ಜಿಯಲ್ಲಿ ತಮ್ಮದೇ ವೆಬ್‌ಸೈಟ್ ತೆರೆದು ನೋಡಿದರು. ಅದರಲ್ಲಿ ತಾವು ಬರೆಯದ ಕೋಡ್ ಇತ್ತು. ಪುಟ ಸರ್ವರ್‌ನಿಂದ ಹೊರಟು ಅವರ ಕೈ ಸೇರುವಷ್ಟರಲ್ಲಿ ನಡುದಾರಿಯಲ್ಲಿ ಯಾರೋ ಅದನ್ನು ಬಿಚ್ಚಿ, ತಮ್ಮದೊಂದು ಚೀಟಿ ತುರುಕಿ, ಮತ್ತೆ ಅಂಟಿಸಿದ್ದರು. ಅಂಚೆಯಣ್ಣ ಕಾಗದ ಒಡೆದು ಒಳಗೆ ತನ್ನದೊಂದು ಸಾಲು ಸೇರಿಸಿದ ಹಾಗೆ. ತೇಜೇಶ್ ಸಾಕ್ಷಿ ಸಮೇತ ಅದನ್ನು ಎಲ್ಲರ ಮುಂದಿಟ್ಟರು. ಆಮೇಲೆ ಬಂದದ್ದು ಕ್ಷಮಾಪಣೆಯಲ್ಲ, ವಕೀಲರ ನೋಟಿಸ್. ಆ ಕೋಡ್ ತನ್ನ ಸ್ವತ್ತು, ಅದನ್ನು ಬಯಲಿಗಿಟ್ಟದ್ದು ಅಪರಾಧ ಎಂದು ಫ್ಲ್ಯಾಶ್ ನೆಟ್‌ವರ್ಕ್ಸ್ ಎಂಬ ಇಸ್ರೇಲಿ ಕಂಪನಿ ಗದರಿಸಿತು. ಗ್ರಾಹಕರು ಎಷ್ಟು ಡೇಟಾ ಬಳಸಿದರು ಎಂದು ತಿಳಿಸಲು ಇಟ್ಟ ವ್ಯವಸ್ಥೆ ಅಷ್ಟೇ, ನೋಟಿಸಿಗೂ ತನಗೂ ಸಂಬಂಧವಿಲ್ಲ ಎಂದಿತು ಏರ್‌ಟೆಲ್. ಇರಲಿ. ಆದರೆ ಒಬ್ಬ ಮನುಷ್ಯ ತನ್ನ ಪುಟದ ಮೂಲವನ್ನು ತೆಗೆದು ನೋಡದೇ ಹೋಗಿದ್ದರೆ ನಮಗೆ ಇಷ್ಟೂ ಗೊತ್ತಾಗುತ್ತಿರಲಿಲ್ಲ. ನಮ್ಮ ಮೂರು ತಾಲ್ಲೂಕಿನಲ್ಲಿ ಹಾಗೆ ತೆಗೆದು ನೋಡಿದವರು ಯಾರಿದ್ದಾರೆ?

ತಪ್ಪು ಮಾಡದವರಿಗೆ ಮುಚ್ಚಿಡೋದಕ್ಕೆ ಏನಿದೆ ಎಂದು ಕೇಳುವವರಿದ್ದಾರೆ. ಓದಿದವರ ಬಾಯಲ್ಲೇ ಈ ಮಾತು ಹೆಚ್ಚು. ಅವರು ಒಮ್ಮೆ ಮಾದಪ್ಪನ ಬೆಟ್ಟದ ಕಡೆ ತಿರುಗಲಿ. ಕಂಸಾಳೆಯವರು, ದೇವರಗುಡ್ಡರು ರಾತ್ರಿಯಿಡೀ ಹಾಡುವ ಸಂಕಮ್ಮನ ಕಥೆ ನಮಗೆ ಯಾರೂ ಕಲಿಸಬೇಕಿಲ್ಲ. ಗಂಡ ನೀಲೇಗೌಡ ಕಾಡಿಗೆ ಹೊರಟಾಗ, ನಾನಿಲ್ಲದಾಗ ದಾರಿ ತಪ್ಪುವುದಿಲ್ಲವೆಂದು ಬಲಗೈ ಭಾಷೆ ಕೊಡು ಎಂದು ಹೆಂಡತಿಯನ್ನು ಹಿಡಿದು ನಿಂತ. ಸಂಕಮ್ಮನಲ್ಲಿ ಯಾವ ತಪ್ಪೂ ಇರಲಿಲ್ಲ. ಆದರೂ ಅವಳು ಭಾಷೆ ಕೊಡಲಿಲ್ಲ. ಹಿಂಸೆ ತಿಂದಳೇ ಹೊರತು ಕೊಡಲಿಲ್ಲ. ತಪ್ಪಿಲ್ಲದವಳನ್ನು ಅನುಮಾನದ ಕಣ್ಣಿನಿಂದ ಕಾಯುವುದೇ ಅನ್ಯಾಯ ಎಂದು ಅವಳಿಗೆ ಗೊತ್ತಿತ್ತು. ಮಾದಪ್ಪ ನಿಂತದ್ದು ಕಾಯುವವನ ಕಡೆಗಲ್ಲ, ಅವಳ ಕಡೆಗೆ. ಆ ಕಥೆ ಕೇಳಿಕೊಂಡು ಬೆಳೆದ ನಾವು, ಯಾವುದೋ ಕಂಪನಿ ನಮ್ಮ ಹೆಣ್ಣುಮಕ್ಕಳ ರಾತ್ರಿಯ ಹುಡುಕಾಟವನ್ನು ಎಣಿಸಿ ಇಟ್ಟುಕೊಂಡರೆ ಸುಮ್ಮನಿರಬಹುದೇ?

ಇದರಿಂದ ಆಗುವ ಕೇಡು ಎಲ್ಲೋ ದೂರದ್ದಲ್ಲ. ಮೈಕ್ರೋಫೈನಾನ್ಸ್ ವಸೂಲಿಗಾರರ ಕಾಟ ತಡೆಯಲಾರದೆ ನಮ್ಮ ಚಾಮರಾಜನಗರ ಜಿಲ್ಲೆಯಲ್ಲೇ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಯಾರ ಮನೆಯಲ್ಲಿ ಈ ವಾರ ದುಡ್ಡಿಗೆ ತತ್ವಾರವಾಗಿದೆ ಎಂಬ ಪಟ್ಟಿ ಸಾಲ ಕೊಡುವ ಕಂಪನಿಯೊಂದರ ಕೈಗೆ ದುಡ್ಡಿಗೆ ಸಿಕ್ಕರೆ ಏನಾದೀತೆಂದು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕೇ?

ಕಾನೂನು ನಮ್ಮ ಕಡೆಗೆ ಸ್ವಲ್ಪ ವಾಲಿದೆ, ಅದೂ ಕನ್ನಡದ ಹಿರಿಯರೊಬ್ಬರ ಹಟದಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಗ್ರಾಹಕನ ಮಾಹಿತಿಗೆ ಗ್ರಾಹಕನೇ ಒಡೆಯ, ಕಂಪನಿ ಬರೀ ಕಾವಲುಗಾರ ಎಂದು 2018ರ ಜುಲೈನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಶಿಫಾರಸು ಮಾಡಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ತನಗೆ ಬೇಕಾದ ಇಲಾಖೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ದಾರಿಯನ್ನು ಸರ್ಕಾರ ಅದರಲ್ಲಿ ಇಟ್ಟುಕೊಂಡಿದೆ. ಅದು ದೊಡ್ಡ ಕಿಂಡಿ, ಅದರ ಜಗಳ ಬೇರೆಯೇ ಇದೆ. ಆದರೂ ಈ ಕಾಯ್ದೆಯಲ್ಲಿ ನಮಗೆ ಬೇಕಾದದ್ದಿದೆ. ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿ ಕೊಡಿ ಎನ್ನಬಹುದು. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯಬಹುದು. ನನ್ನ ಮಾಹಿತಿಯನ್ನು ಯಾರ ಯಾರ ಜೊತೆ ಹಂಚಿಕೊಂಡಿದ್ದೀರಿ ಎಂದು ಹೆಸರು ಹಿಡಿದು ಕೇಳಬಹುದು. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಈ ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಗಡುವು, ಅಂದರೆ 2027ರ ಮೇ.

ಅಲ್ಲಿಯವರೆಗೆ ಕಾದು ಕೂರಬೇಡಿ. ಕನೆಕ್ಷನ್ ಕೊಡಲು ಬರುವ ಹುಡುಗ ಪಡಸಾಲೆಯ ಗೋಡೆಗೆ ಡಬ್ಬಿ ಹೊಡೆದು, ಹಸಿರು ದೀಪ ಹತ್ತಿಸಿ, "ಅಕ್ಕ, ಒಂದು ಓಟಿಪಿ ಬಂದದ ನೋಡಿ, ಹೇಳಿ" ಎನ್ನುತ್ತಾನೆ. ಆರು ಅಂಕಿ ಹೇಳುವಷ್ಟರಲ್ಲಿ ಹತ್ತಾರು ಪುಟದ ಇಂಗ್ಲಿಷ್ ಷರತ್ತಿಗೆ ಅಕ್ಕ ಒಪ್ಪಿದ್ದಾಳೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ಆ ಷರತ್ತು ಯಾರೂ ಓದಿ ಹೇಳಿಲ್ಲ. ಕೇಬಲ್ ನಡೆಸುವ ಅಣ್ಣಂದಿರೇ, ಆ ಮನೆಯವರು ನಂಬಿದ್ದು ನಿಮ್ಮ ಮುಖವನ್ನು. ಮೇಲಿನ ಕಂಪನಿಯನ್ನು ಅವರು ಕಂಡೂ ಇಲ್ಲ. ಷರತ್ತನ್ನು ಕನ್ನಡದಲ್ಲಿ ಕೊಟ್ಟ ಹೊರತು ಓಟಿಪಿ ಕೇಳುವುದಿಲ್ಲ ಎಂದು ನೀವು ನಾಲ್ಕು ಜನ ಒಟ್ಟಿಗೆ ಹೇಳಿದರೆ ಕಂಪನಿ ಕೇಳಲೇಬೇಕು. ಕೊಳ್ಳೇಗಾಲದ ವಕೀಲರೇ, ಒಂದು ಪುಟದ ಅರ್ಜಿ ಬರೆದುಕೊಡಿ, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಸಹಿ ಹಾಕಿ ಕಳಿಸುವ ಹಾಗೆ. ಮೇಷ್ಟ್ರುಗಳೇ, ಹದಿನೆಂಟು ತುಂಬದ ಮಕ್ಕಳ ಜಾಡು ಹಿಡಿದು ಜಾಹೀರಾತು ತೋರಿಸುವುದಕ್ಕೆ ಈ ಕಾಯ್ದೆ ತಡೆಯೊಡ್ಡುತ್ತದೆ ಎಂದು ತರಗತಿಯಲ್ಲಿ ಹೇಳಿ.

ಉಳಿದವರು ಮುಂದಿನ ರೀಚಾರ್ಜಿಗೆ ದುಡ್ಡು ಎಣಿಸುವ ಮೊದಲು ಮೂರು ಮಾತು ಕೇಳಿ: ನಾನು ನೋಡಿದ ವೆಬ್‌ಸೈಟುಗಳ ವಿವರ ಇಟ್ಟುಕೊಳ್ಳುತ್ತೀರಾ, ಎಷ್ಟು ದಿನ, ಯಾರಿಗೆ ಕೊಡುತ್ತೀರಿ? ಉತ್ತರ ಕನ್ನಡದಲ್ಲೇ, ಬರಹದಲ್ಲೇ ಇರಲಿ. ಕೊಡದಿದ್ದರೆ ಕಂಪನಿಗೆ ದೂರು ಬರೆದು ಆ ದೂರಿನ ನಂಬರನ್ನು ಜೋಪಾನ ಮಾಡಿ. ಗಡುವು ಮುಗಿದು, ಈ ಕಾಯ್ದೆಯ ದೂರು ಕೇಳುವ ದತ್ತಾಂಶ ಸಂರಕ್ಷಣಾ ಮಂಡಳಿಯ ಮುಂದೆ ಹೋಗಬೇಕಾಗಿ ಬಂದ ದಿನ, ನಾವು ಮೊದಲೇ ಕೇಳಿದ್ದೆವು ಎನ್ನುವುದಕ್ಕೆ ಆ ನಂಬರು ಬೇಕಾಗುತ್ತದೆ.