ಮಂಜೂರಾದ ಜಮೀನು ವಕೀಲರ ಫೀಸಿಗಲ್ಲ

ಹಾಸ್ಟೆಲಿನ ಗೆಳೆಯರೇ,

ಗುಬ್ಬಿ, ಕುಣಿಗಲ್ ಕಡೆ ನಮ್ಮ ಕೇರಿಗಳಲ್ಲಿ ಅಪ್ಪ ಸತ್ತನೆಂದರೆ ಪಾಲಿನ ಜಗಳ ಕೋರ್ಟು ಹತ್ತುತ್ತದೆ. ಸರ್ಕಾರ ಮಂಜೂರು ಮಾಡಿದ ಜಮೀನನ್ನೇ ವಕೀಲರ ಫೀಸಿಗಾಗಿ ಸಾಹುಕಾರನಿಗೆ ಅಡ ಇಡುತ್ತೇವೆ. 1978ರ ಪಿ.ಟಿ.ಸಿ.ಎಲ್. ಕಾಯ್ದೆ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಮಾರುವಂಗಿಲ್ಲ, ಅಡ ಇಡುವಂಗಿಲ್ಲ. ಮನೆಯವರೊಳಗೆ ಭಾಗ ಮಾಡಿಕೊಳ್ಳಲು ಅದರ ಅಡ್ಡಿಯಿಲ್ಲ.

ಭಾಗವೆಂದರೆ ಗಂಡುಮಕ್ಕಳದ್ದಷ್ಟೇ ಏನು? ವಿಲ್ಲು ಬರೆಯದೆ ಸತ್ತ ಅಪ್ಪನ ಆಸ್ತಿಯಲ್ಲಿ ಅವ್ವನಿಗೂ ಅಕ್ಕತಂಗಿಯರಿಗೂ ಸಮಪಾಲು. ಅವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದು ಇಲ್ಲಿ ಸಮಾನತೆಯ ಹಾಡು ಹೇಳುತ್ತೇವಾ?

ವಕೀಲರಿಗೆ ದುಡ್ಡೆಲ್ಲಿ ಅಂತೀರಾ? ದಾವೆಯಲ್ಲಿ ಹುರುಳಿದ್ದರೆ ಪರಿಶಿಷ್ಟರಿಗೂ ಹೆಂಗಸರಿಗೂ ವರಮಾನ ನೋಡದೆ ಪುಕ್ಕಟೆ ವಕೀಲರು ಸಿಗಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ತುಮಕೂರಿನ ಜಿಲ್ಲಾ ಪ್ರಾಧಿಕಾರಕ್ಕೆ, ಇಲ್ಲವೇ ತಾಲ್ಲೂಕು ಸಮಿತಿಗೆ ಅರ್ಜಿ ಹಾಕಬೇಕು. ಊರಲ್ಲಿ ಅಷ್ಟು ಬರೆದುಕೊಡಲಾಗದ ನಮ್ಮ ಡಿಗ್ರಿ ಯಾತಕ್ಕೆ?