ರಸ್ತೆ ಅಳೆಯುವವರು ಮಳೆಗಾಲದಲ್ಲೂ ಬರಲಿ

ಲೇಸರ್ ಸಲಕರಣೆ ಹೊತ್ತ ವಾಹನಗಳಿಂದ 23 ರಾಜ್ಯಗಳ 20,933 ಕಿಲೋಮೀಟರ್ ಹೆದ್ದಾರಿಯನ್ನು ಸಮೀಕ್ಷೆ ಮಾಡಿಸುವುದಾಗಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ವಾಹನ ಓಡುತ್ತಿರುವಂತೆಯೇ ಬಿರುಕು, ಗುಂಡಿ, ತೇಪೆಗಳೆಲ್ಲ ಮೂರು ಆಯಾಮಗಳಲ್ಲಿ ದಾಖಲಾಗುತ್ತವೆ. ಹಳೆಯ ಪದ್ಧತಿಯಲ್ಲಿ ಅಧಿಕಾರಿಯೊಬ್ಬರು ಜೀಪಿನ ಕಿಟಕಿಯಿಂದ ನೋಡಿ ಬರೆದದ್ದೇ ವರದಿಯಾಗುತ್ತಿತ್ತು. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ಆ ಮಟ್ಟಿಗೆ ಇದು ಸ್ವಾಗತಾರ್ಹವೇ.

ಆದರೆ ಮಲೆನಾಡಿನ ರಸ್ತೆಗೆ ಬರುವ ರೋಗ ಬೇರೆ. ಬಯಲುಸೀಮೆಯ ರಸ್ತೆ ಮೇಲಿನಿಂದ ಸವೆಯುತ್ತದೆ. ನಮ್ಮದು ಬದಿಯಿಂದ ಮತ್ತು ಅಡಿಯಿಂದ ಕೊಳೆಯುತ್ತದೆ. ಚರಂಡಿಯಲ್ಲಿ ದರಕು ತುಂಬುತ್ತದೆ, ಮೋರಿಯ ಬಾಯಿಗೆ ಕೊಂಬೆಯೊಂದು ಅಡ್ಡ ಬೀಳುತ್ತದೆ, ಆಷಾಢದ ಒಂದೇ ರಾತ್ರಿಯಲ್ಲಿ ನೀರು ರಸ್ತೆಯನ್ನೇ ಹಳ್ಳವಾಗಿಸಿಕೊಂಡು ಕೆಳಗಿನ ಅಡಿಕೆ ತೋಟಕ್ಕೆ ನುಗ್ಗುತ್ತದೆ. ಬೆಳಿಗ್ಗೆ ನೋಡಿದರೆ ಡಾಂಬರು ಇರುತ್ತದೆ, ಅದರಡಿಯ ಮಣ್ಣು ಇರುವುದಿಲ್ಲ.

ಲೇಸರ್ ಕಿರಣವು ವಸ್ತುವಿಗೆ ತಾಗಿ ಮರಳುವುದನ್ನು ಗ್ರಹಿಸಿ ದೂರವನ್ನು ಲೆಕ್ಕ ಹಾಕುವುದು ಈ ವಿದ್ಯೆಯ ತಿರುಳು. ನೆನೆದ ಡಾಂಬರು ಆ ಕಿರಣವನ್ನು ಸರಿಯಾಗಿ ಮರಳಿಸುವುದಿಲ್ಲ. ನಿಂತ ನೀರು ಗುಂಡಿಯ ಆಳವನ್ನು ಮರೆಮಾಡುತ್ತದೆ. ದಟ್ಟ ಮರಗಳಡಿಯಲ್ಲಿ ಉಪಗ್ರಹದ ಸಂಕೇತವೂ ಕ್ಷೀಣಿಸಿ, ವಾಹನ ತಾನೆಲ್ಲಿದ್ದೇನೆಂಬುದನ್ನೇ ತಪ್ಪಾಗಿ ಗ್ರಹಿಸಬಹುದು. ಹಾಗಾಗಿ ಸಮೀಕ್ಷೆಗೆ ಒಣ ದಿನಗಳೇ ಅನುಕೂಲ. ಫಾಲ್ಗುಣದಲ್ಲಿ ಅಳೆದ ರಸ್ತೆಗೆ ಒಳ್ಳೆಯ ಅಂಕಗಳೇ ದೊರೆಯುತ್ತವೆ. 1982ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವಬ್ಯಾಂಕಿನ ಪ್ರಯೋಗದಿಂದ ರೂಪುಗೊಂಡ ಒರಟುತನದ ಸೂಚ್ಯಂಕವು ಪ್ರಯಾಣ ಎಷ್ಟು ನಯವೆಂದು ಹೇಳೀತು. ಮೋರಿ ಕಟ್ಟಿದೆಯೆಂದು ಹೇಳಲಾರದು.

ಇದೇ ಯಂತ್ರ ನಮಗೆ ನಿಜವಾಗಿ ಉಪಕರಿಸಬಹುದಾದ ಸ್ಥಳ ರಸ್ತೆಯಲ್ಲ, ಧರೆ. ಪಶ್ಚಿಮಘಟ್ಟದ ಅನೇಕ ಕಡೆ ಜಂಬಿಟ್ಟಿಗೆಯ ಗಟ್ಟಿ ಪದರದಡಿ ಶೇಡಿ ಮಣ್ಣಿದೆ. ಒಣಗಿದ್ದಾಗ ಅದು ಗೋಡೆಯಂತೆ ನಿಲ್ಲುತ್ತದೆ; ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಅಂತಹ ಗುಡ್ಡವನ್ನು ನೆಟ್ಟಗೆ ಕಡಿದರೆ ಏನಾಗುವುದೆಂದು ಮಣ್ಣಿನ ಗುಣ ಬಲ್ಲ ಯಾವ ರೈತನೂ ಹೇಳಿಯಾನು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿ ಮಡಿಕೇರಿ-ಸಂಪಾಜೆ ರಸ್ತೆ ಕಡಿದುಹೋಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಒಂದೇ ಧರೆಯನ್ನು ಮಳೆಗೆ ಮುನ್ನ ಮತ್ತು ಮಳೆಯ ನಂತರ ಲೇಸರ್‌ನಿಂದ ಅಳೆದು ಎರಡು ಚಿತ್ರಗಳನ್ನು ಹೋಲಿಸಿದರೆ, ಎಲ್ಲಿ ಉಬ್ಬಿದೆ, ಎಲ್ಲಿ ಸರಿದಿದೆ ಎಂಬುದು ತಿಳಿಯುತ್ತದೆ. ಆರು ತಿಂಗಳಿಗೊಮ್ಮೆ ದತ್ತಾಂಶ ಸಂಗ್ರಹಿಸುವುದಾಗಿ ಪ್ರಾಧಿಕಾರವೇ ಹೇಳಿದೆ. ಆ ಎರಡು ಸುತ್ತುಗಳನ್ನು ಮುಂಗಾರಿನ ಆಚೀಚೆ ಇರಿಸಿ, ಕಿರಣವನ್ನು ಡಾಂಬರಿನ ಅಂಚಿನಾಚೆಗೂ ತಿರುಗಿಸಲು ಅಡ್ಡಿಯೇನು?

ನನ್ನ ಅಳುಕು ಇನ್ನೊಂದಿದೆ. ಅಂಕ ಕಡಿಮೆ ಬಂದ ಘಟ್ಟದ ರಸ್ತೆಗೆ ದೊರೆಯುವ ಮದ್ದು ಬಹುಪಾಲು ಅಗಲೀಕರಣವೇ ಆಗಿದೆ. ಅಂದರೆ ಇನ್ನಷ್ಟು ಧರೆ, ಇನ್ನಷ್ಟು ಮರ. ಚರಂಡಿ ಬಿಡಿಸುವ ಕೆಲಸದಲ್ಲಿ ಯಾರಿಗೂ ದೊಡ್ಡ ಲಾಭವಿಲ್ಲವಷ್ಟೆ!

ಹಳ್ಳಿಯ ರಸ್ತೆಗೆ ಆ ವಾಹನ ಬರುವುದನ್ನು ಕಾಯಬೇಕಾಗಿಲ್ಲ. ವಿದ್ಯಾರ್ಥಿಗಳ ಕಿಸೆಯಲ್ಲಿರುವ ಮೊಬೈಲಿನಲ್ಲಿ ಅಲುಗಾಟವನ್ನು ಗ್ರಹಿಸುವ ಸಂವೇದಕವಿದೆ, ಸ್ಥಳ ಗುರುತಿಸುವ ಸೌಲಭ್ಯವಿದೆ, ಕ್ಯಾಮೆರಾ ಇದೆ. ಜೋರು ಮಳೆಯ ದಿನ, ಧರೆಯ ಬುಡ ಬಿಟ್ಟು ದೂರದಲ್ಲೇ ನಿಂತು, ಪ್ರತಿ ಮೋರಿಯ ಬಳಿ ನೀರು ಯಾವ ಕಡೆ ಹರಿಯುತ್ತಿದೆ ಎಂಬುದರ ಚಿತ್ರ ತೆಗೆದಿಡಲಿ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಮೊದಲ ಐದು ವರ್ಷಗಳ ನಿರ್ವಹಣೆ ಗುತ್ತಿಗೆದಾರನ ಹೊಣೆ. ರಸ್ತೆ ಬದಿಯ ಫಲಕದಲ್ಲಿ ಕಾಮಗಾರಿ ಮುಗಿದ ದಿನಾಂಕವನ್ನು ನೋಡಿ, ಆ ಚಿತ್ರಗಳನ್ನು ಮುಂದಿನ ಗ್ರಾಮಸಭೆಯಲ್ಲಿ ಮೇಜಿನ ಮೇಲಿಡಿ.